ಅಪ್ಪನ ಕುದುರೆಯನ್ನು ಮಗ ಹತ್ತಬಹುದೇ?



ಒಬ್ಬರು ಬರೆದು ಹೆಸರಾದ ಕಥೆಯನ್ನು ಇನ್ನೊಬ್ಬರು ಮುಂದುವರಿಸಬಹುದಾ? ಮುಂದುವರಿಸಿದರೆ ಹಳೇ ಓದುಗರು ಒಪ್ಪುತ್ತಾರಾ? ಇದನ್ನು ತಿಳಿಯಲು ನಾನು ಅಮೆರಿಕದ ಒಂದು ಮಕ್ಕಳ ಕಥಾಮಾಲೆಯನ್ನು ಆರಿಸಿಕೊಂಡಿದ್ದೇನೆ. ಅದರ ಹೆಸರು 'ದಿ ಬ್ಲ್ಯಾಕ್ ಸ್ಟಾಲಿಯನ್', ಅಂದರೆ ಕರೀ ಗಂಡು ಕುದುರೆ.

ಇದನ್ನು ಬರೆದವರು ವಾಲ್ಟರ್ ಫಾರ್ಲೆ. ಹುಟ್ಟಿದ್ದು 1915, ತೀರಿಕೊಂಡದ್ದು 1989. ಹೈಸ್ಕೂಲಿನಲ್ಲಿ ಓದುತ್ತಿರುವಾಗಲೇ ಈ ಕಥೆ ಬರೆಯಲು ಶುರು ಮಾಡಿದ್ದರು, ಪುಸ್ತಕವಾಗಿ ಬಂದದ್ದು 1941ರಲ್ಲಿ. (ನೋಟ್ ಬುಕ್ಕಿನ ಕೊನೆ ಪುಟದಲ್ಲಿ ಕದ್ದು ಕಥೆ ಬರೆಯುವವರು ಇದನ್ನು ಗಮನಿಸಬೇಕು!)

ಕಥೆ ಶುರುವಾಗೋದು ನಮ್ಮ ದೇಶದ ಕಡೆಯಿಂದಲೇ. ಅಲೆಕ್ ರಾಮ್ಸೆ ಎಂಬ ಹುಡುಗ ಭಾರತದಲ್ಲಿರುವ ಮಾವನ ಮನೆಯಲ್ಲಿ ರಜೆ ಕಳೆದು, ಕುದುರೆ ಸವಾರಿ ಕಲಿತು, 'ಡ್ರೇಕ್' ಎಂಬ ಹಡಗಿನಲ್ಲಿ ಅಮೆರಿಕಕ್ಕೆ ಹೊರಟಿರುತ್ತಾನೆ. ಜೇಬಿನಲ್ಲಿ ಬಾಂಬೆ ಅಂತ ಕೆತ್ತಿಸಿದ ಚಾಕು, ಮಾವ ಕೊಟ್ಟದ್ದು. ದಾರಿಯಲ್ಲಿ ಅರೇಬಿಯಾದ ಒಂದು ಬಂದರಿನಲ್ಲಿ ಕರೀ ಕುದುರೆಯೊಂದನ್ನು ಹಗ್ಗ ಕಟ್ಟಿ ಎಳೆದು ತಂದು ಹತ್ತಿಸುತ್ತಾರೆ. ಅದರ ಕಣ್ಣಿಗೆ ಬಿಳೀ ಬಟ್ಟೆ ಕಟ್ಟಿರುತ್ತದೆ. ಎಲ್ಲಿಂದ ಬಂತು, ಯಾರದ್ದು, ಒಂದೂ ಗೊತ್ತಿಲ್ಲ. ಆಮೇಲೆ ಹಡಗು ಮುಳುಗುತ್ತದೆ. ಅಲೆಕ್ ಆ ಕುದುರೆಯ ಹಗ್ಗ ಹಿಡಿದು ತೇಲಿಕೊಂಡು ಒಂದು ನಿರ್ಜನ ದ್ವೀಪ ಸೇರುತ್ತಾನೆ. ಅಲ್ಲಿ ತಿನ್ನಲು ಏನೂ ಸಿಗದೆ ಹುಡುಗ, ಕುದುರೆ ಇಬ್ಬರೂ ಸಮುದ್ರದ ಪಾಚಿ ತಿಂದು ಬದುಕುತ್ತಾರೆ. ಸ್ನೇಹ ಬೆಳೆಯೋದು ಹಾಗೆ.

ಈಗ ಮುಖ್ಯ ವಿಷಯ. 1989ರಲ್ಲಿ 'ದಿ ಯಂಗ್ ಬ್ಲ್ಯಾಕ್ ಸ್ಟಾಲಿಯನ್' ಬಂತು. ಅದರ ಮೇಲೆ ತಂದೆಯ ಹೆಸರಿನ ಜೊತೆ ಮಗ ಸ್ಟೀವನ್ ಫಾರ್ಲೆಯ ಹೆಸರೂ ಇದೆ. ವಾಲ್ಟರ್ ಕಣ್ಣು ಮುಚ್ಚಿದ್ದೂ ಅದೇ ವರ್ಷ. ಇದು ಮುಂದಿನ ಕಥೆ ಅಲ್ಲ, ಹಿಂದಿನ ಕಥೆ. ಹಡಗು ಹತ್ತುವ ಮೊದಲು ಕುದುರೆ ಇನ್ನೂ ಮರಿಯಾಗಿದ್ದಾಗ ಅರೇಬಿಯಾದ ಬೆಟ್ಟಗಳಲ್ಲಿ ಏನಾಯಿತು ಅಂತ ಹೇಳುತ್ತದೆ. ದಾಳಿಕೋರರು ಬರುತ್ತಾರೆ, ಮರಿ ತಪ್ಪಿಸಿಕೊಂಡು ಒಂಟಿಯಾಗುತ್ತದೆ, ರಶೀದ್ ಎಂಬ ಬೆದೂಯಿನ್ ಹುಡುಗನ ಕಣ್ಣಿಗೆ ಬೀಳುತ್ತದೆ. ಅಲೆಕ್ ಇದರಲ್ಲಿ ಇಲ್ಲ.

ಇಂಥ ಪುಸ್ತಕದ ಬಗ್ಗೆ ಓದುಗರಲ್ಲಿ ಎರಡು ಪಂಗಡ ಆಗೇ ಆಗುತ್ತೆ. ಒಪ್ಪದವರ ಮಾತು ಇದು: ಕುದುರೆ ಸಾಯೋದಿಲ್ಲ ಅಂತ ನಮಗೆ ಮೊದಲೇ ಗೊತ್ತು, ಯಾಕಂದ್ರೆ ಅದು ಡ್ರೇಕ್ ಹಡಗು ಹತ್ತಲೇಬೇಕು. ಹಾಗಿದ್ದ ಮೇಲೆ ಎದೆ ಹೊಡೆದುಕೊಳ್ಳೋದು ಯಾತಕ್ಕೆ? ನನಗೆ ಈ ವಾದ ಗಟ್ಟಿ ಅನ್ನಿಸಲಿಲ್ಲ. ರಾಮ ಗೆಲ್ಲುತ್ತಾನೆ ಅಂತ ಗೊತ್ತಿದ್ದೂ ನಮ್ಮೂರಲ್ಲಿ ಬೆಳಗಿನ ಜಾವದ ತನಕ ಬಯಲಾಟ ನೋಡ್ತಾರಲ್ಲ!

ಅವರ ಇನ್ನೊಂದು ಮಾತು ಮಾತ್ರ ತೂಕದ್ದು. ಕಣ್ಣಿಗೆ ಬಟ್ಟೆ ಕಟ್ಟಿಸಿಕೊಂಡು ಬಂದ ಆ ಕುದುರೆಯ ಗುಟ್ಟೇ ಅದರ ಸೊಗಸು. ಅದರ ಬಾಲ್ಯವನ್ನೆಲ್ಲ ಬಿಡಿಸಿ ಹೇಳಿದರೆ ಗುಟ್ಟು ಎಲ್ಲಿ ಉಳಿಯಿತು ಅನ್ನುತ್ತಾರೆ. ಇದನ್ನು ಪೂರ್ತಿ ಅಲ್ಲಗಳೆಯಲು ಆಗೋದಿಲ್ಲ. ಆದರೆ ಗುಟ್ಟನ್ನು ಅರ್ಧ ಬಿಚ್ಚಿದವರು ಅಪ್ಪನೇ. 1945ರ 'ದಿ ಬ್ಲ್ಯಾಕ್ ಸ್ಟಾಲಿಯನ್ ರಿಟರ್ನ್ಸ್' ಪುಸ್ತಕದಲ್ಲಿ ಕುದುರೆಯ ನಿಜವಾದ ಒಡೆಯ, ಒಬ್ಬ ಅರಬ್ ಶೇಖ್, ಅದನ್ನು ಕೇಳಿಕೊಂಡು ಬರುತ್ತಾನೆ. ಅದರ ಅರಬ್ ಹೆಸರೂ ಅಲ್ಲೇ ತಿಳಿಯುತ್ತದೆ.

ಮೆಚ್ಚಿದವರಿಗೆ ಇಷ್ಟವಾಗೋದು ಮರಿ ಒಂಟಿಯಾಗಿ ಅಲೆಯುವ ಭಾಗ. ನನಗೂ ಅಷ್ಟೇ. ಮೊದಲ ಪುಸ್ತಕದಲ್ಲಿ ಕುದುರೆಯನ್ನು ನಾವು ನೋಡೋದು ಅಲೆಕ್‌ನ ಕಣ್ಣಿನಿಂದ. ಇಲ್ಲಿ ಬೆನ್ನ ಮೇಲೆ ಯಾರೂ ಇಲ್ಲ. ನೀರು ಹುಡುಕಬೇಕು, ಕಾಡುಮೃಗದಿಂದ ತಪ್ಪಿಸಿಕೊಳ್ಳಬೇಕು. ಎತ್ತು ಎಮ್ಮೆ ಮೇಯಿಸಿದ ನಮ್ಮಂಥವರಿಗೆ ಇದು ಬೇಗ ಅರ್ಥ ಆಗುತ್ತೆ.

ಮುಂದೆ ಮಗ ಒಬ್ಬರೇ ಬರೆದರು. 1996ರ ಪುಸ್ತಕದಲ್ಲಿ ಆ ಧೀರ ಕುದುರೆ ನೆರಳಿಗೆ ಬೆಚ್ಚುತ್ತದೆ. 2011ರ 'ಲಾಸ್ಟ್ ಸಿಟಿ'ಯಲ್ಲಂತೂ ಗ್ರೀಸ್ ದೇಶದ ಪುರಾಣವೇ ಎದುರು ಬಂದು ನಿಲ್ಲುತ್ತದೆ. "ಓಟದ ಕುದುರೆಯ ಕಥೆಯಲ್ಲಿ ಮಾಯ ಮಂತ್ರ ಯಾಕೆ?" ಅಂತ ಸಿಟ್ಟಾಗುವವರು ಒಂದು ಸಂಗತಿ ಮರೆಯಬಾರದು. 1955ರ 'ದಿ ಐಲ್ಯಾಂಡ್ ಸ್ಟಾಲಿಯನ್ ರೇಸಸ್' ಎಂಬ ಪುಸ್ತಕದಲ್ಲಿ ಬೇರೆ ಗ್ರಹದಿಂದ ಬಂದವರನ್ನು ಸ್ವತಃ ಅಪ್ಪನೇ ತಂದು ಕೂರಿಸಿದ್ದರು! ಹಾಗಾಗಿ ಮಗ ದಾರಿ ತಪ್ಪಿದ ಅನ್ನೋದು ನ್ಯಾಯವಲ್ಲ. ಆದರೂ ನನಗೆ ಹಿಡಿಸಿದ್ದು ಪಾಚಿ ತಿಂದು ಬದುಕಿದ ಕುದುರೆಯೇ ಹೊರತು ಪುರಾಣದೊಳಗೆ ಹೊಕ್ಕ ಕುದುರೆ ಅಲ್ಲ.

2003ರಲ್ಲಿ ಹಿಂದಿನ ಕಥೆ ಸಿನಿಮಾ ಕೂಡ ಆಯಿತು. ಅದರಲ್ಲಿ ರಶೀದ್ ಬದಲು ನೀರಾ ಎಂಬ ಹುಡುಗಿ ಕುದುರೆಯ ಜೊತೆಗಾತಿ. ಇದಕ್ಕೂ ಗೊಣಗಬಹುದು, ಆದರೆ ನಮ್ಮ ತರಗತಿಯ ಹುಡುಗಿಯರು ಖಂಡಿತ ಗೊಣಗಲಾರರು.

ಈ ಪುಸ್ತಕಗಳು ಇಂಗ್ಲಿಷಿನಲ್ಲಿವೆ, ವಾಕ್ಯಗಳು ಚಿಕ್ಕವು. ಯಾರಿಗಾದರೂ ಎರಡೂ ಸಿಕ್ಕರೆ ಮೊದಲು 1941ರದ್ದನ್ನೇ ಓದಿ, 1989ರದ್ದನ್ನು ಆಮೇಲೆ ಓದಿ. ತಿರುಗಾಮುರುಗಾ ಓದಿದರೆ, ಬಂದರಿನಲ್ಲಿ ಆ ಬಿಳೀ ಬಟ್ಟೆಯ ಕುದುರೆ ಕೆನೆಯುವಾಗ ಮೈ ಜುಮ್ಮೆನ್ನೋದಿಲ್ಲ.