ಹಡಗು ಹೊರಡುವುದು ಸಂಜೆ, ನಾವು ಹೊರಡುವುದು ಯಾವಾಗ?

ಪ್ರಶ್ನೆ: ಜೂನ್‌ನಲ್ಲಿ ಚೆನ್ನೈ ಬಂದರಿನಿಂದ ಹೊರಡುವ ಕ್ರೂಸ್ ಹಡಗಿಗೆ ಆರು ಜನಕ್ಕೆ ಟಿಕೆಟ್ ಮಾಡಿಸಿದ್ದೇವೆ. ನಾವಿಬ್ಬರು, ಇಬ್ಬರು ಮಕ್ಕಳು, ಅತ್ತೆ, ಮಾವ. ಹಡಗು ಬಿಡುವುದು ಸಂಜೆ. ಅದೇ ದಿನ ಬೆಳಗಿನ ಶತಾಬ್ದಿಗೆ ಹೋದರೆ ಸಾಕು, ಹಿಂದಿನ ದಿನವೇ ಹೋಗಿ ಹೋಟೆಲಿಗೆ ಯಾಕೆ ದುಡ್ಡು ಸುರಿಯಬೇಕು ಅಂತಾರೆ ನಮ್ಮ ಯಜಮಾನರು. ಮಾವನವರಿಗೆ ಬಿ.ಪಿ. ಮಾತ್ರೆ ನಡೀತಿದೆ, ಚೆನ್ನೈ ಸೆಕೆ ಅಂದರೇ ಅವರಿಗೆ ಭಯ. ಒಂದು ದಿನ ಮೊದಲು ಹೋಗಬೇಕೆ? ನಮಗೆ ದಂಡು ಸ್ಟೇಷನ್ ಅನುಕೂಲವೋ, ಕೆ.ಆರ್. ಪುರವೋ?
– ಹಲಸೂರಿನ ಓದುಗರೊಬ್ಬರು

ಉತ್ತರ: ಹಿಂದಿನ ದಿನವೇ ಹೋಗಿ. ನಿಮ್ಮ ಯಜಮಾನರ ಲೆಕ್ಕ ತಪ್ಪೇನಲ್ಲ. ಶತಾಬ್ದಿ ಬೆಳಿಗ್ಗೆ ಆರಕ್ಕೆ ಸಿಟಿ ಸ್ಟೇಷನ್ ಬಿಟ್ಟು ಸುಮಾರು ಐದು ಗಂಟೆಯಲ್ಲಿ ಚೆನ್ನೈ ಸೆಂಟ್ರಲ್ ಮುಟ್ಟುತ್ತದೆ. ಅಲ್ಲಿಂದ ಬಂದರು ಮೂರ್ನಾಲ್ಕು ಕಿಲೋಮೀಟರ್ ಅಷ್ಟೆ. ಆದರೆ ಹಡಗು ಹೊರಡುವ ಹೊತ್ತು ಬೇರೆ, ನಿಮ್ಮನ್ನು ಹತ್ತಿಸಿಕೊಳ್ಳುವ ಹೊತ್ತು ಬೇರೆ. ಚೆಕ್-ಇನ್ ಕೌಂಟರು ಹಡಗು ಬಿಡುವುದಕ್ಕೆ ಸಾಕಷ್ಟು ಮೊದಲೇ ಮುಚ್ಚುತ್ತದೆ, ನಿಮ್ಮ ಟಿಕೆಟ್ಟಿನಲ್ಲಿ ಬರೆದಿರುವ ಆ ವೇಳೆಯೇ ನಿಮ್ಮ ಪಾಲಿಗೆ ಹಡಗು ಹೊರಡುವ ವೇಳೆ. ರೈಲು ತಪ್ಪಿದರೆ ಇನ್ನೊಂದು ರೈಲಿದೆ, ಬಸ್ಸಿದೆ. ಚೆನ್ನೈನಿಂದ ಹೊರಟು ಎರಡು ರಾತ್ರಿ ಸಮುದ್ರದಲ್ಲೇ ಸುತ್ತಿ ಚೆನ್ನೈಗೇ ಮರಳುವ ಹಡಗು ತಪ್ಪಿದರೆ ಮುಂದಿನ ಬಂದರಿಗೆ ಓಡಿಹೋಗಿ ಹತ್ತೋಣ ಅನ್ನುವುದಕ್ಕೆ ಮುಂದಿನ ಬಂದರೇ ಇರುವುದಿಲ್ಲ. ಆರು ಜನರ ದುಡ್ಡು ಒಂದೇ ಸಲಕ್ಕೆ ಹೋಗುತ್ತದೆ. ಅರಕ್ಕೋಣದಾಚೆ ಸಿಗ್ನಲ್ ಕೆಟ್ಟು ರೈಲು ಎರಡು ತಾಸು ನಿಂತರೆ ಅದಕ್ಕೆ ಯಾರೂ ಹೊಣೆಯಲ್ಲ.

ಇದು ತಡವಾಗುವ ಮಾತಾಯಿತು. ನನಗೆ ಹೆಚ್ಚು ಚಿಂತೆ ಇರುವುದು ನಿಮ್ಮ ಮಾವನವರ ಭಯದ ಬಗ್ಗೆ. ಆ ಭಯದಲ್ಲಿ ಹುರುಳಿದೆ.

ಹಡಗು ಜೂನ್‌ನಲ್ಲೇ ಯಾಕೆ ಚೆನ್ನೈಗೆ ಬರುತ್ತದೆ ಅನ್ನುವುದರಲ್ಲೇ ನಿಮ್ಮ ತೊಂದರೆಯ ಮೂಲವಿದೆ. ಮುಂಗಾರು ಶುರುವಾದರೆ ಅರಬ್ಬೀ ಸಮುದ್ರ ಕೆರಳುತ್ತದೆ. ಮುಂಬಯಿ, ಗೋವಾ ಕಡೆ ವಿಹಾರದ ಹಡಗು ನಡೆಸುವುದು ಕಷ್ಟವಾಗುತ್ತದೆ. ಆಗ ಹಡಗು ಈ ಕಡೆ ಬಂಗಾಳ ಕೊಲ್ಲಿಗೆ ಬರುತ್ತದೆ. ಕಾರ್ಡೆಲಿಯಾ ಕಂಪನಿಯ ಎಂಪ್ರೆಸ್ ಹಡಗು ಚೆನ್ನೈನಿಂದ ಮೊದಲು ಹೊರಟಿದ್ದೂ 2022ರ ಜೂನ್‌ನಲ್ಲಿ, ಮುಖ್ಯಮಂತ್ರಿ ಸ್ಟಾಲಿನ್ ಅವರೇ ಬಾವುಟ ತೋರಿಸಿದ್ದರು. ಆದರೆ ಅದೇ ಮುಂಗಾರು ನಮ್ಮ ಬೆಂಗಳೂರಿಗೆ ಮೋಡ, ಜಿಟಿಜಿಟಿ ಮಳೆ, ತಂಪು ಗಾಳಿ ತರುತ್ತದೆ. ಪಶ್ಚಿಮ ಘಟ್ಟ ದಾಟುವಾಗಲೇ ನೀರನ್ನೆಲ್ಲ ಸುರಿಸಿಬಿಡುವ ಆ ಗಾಳಿ ಚೆನ್ನೈ ಮುಟ್ಟುವ ಹೊತ್ತಿಗೆ ಒಣಗಿ ಬಿಸಿಯಾಗಿರುತ್ತದೆ. ಚೆನ್ನೈಗೆ ದೊಡ್ಡ ಮಳೆ ಹಿಂಗಾರಿನಲ್ಲಿ. ಹಾಗಾಗಿ ಜೂನ್‌ನಲ್ಲಿ ಹಲಸೂರಿನಲ್ಲಿ ನೀವು ಸ್ವೆಟರ್ ಹುಡುಕುವ ಸಂಜೆ ಅಲ್ಲಿ ಜನ ಬೆವರು ಒರೆಸಿಕೊಳ್ಳುತ್ತಿರುತ್ತಾರೆ. ನಾವಿರುವುದು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿ, ಆ ಎತ್ತರವೊಂದೇ ಐದಾರು ಡಿಗ್ರಿ ಕಳೆಯುತ್ತದೆ. ಇಲ್ಲಿ ಮಧ್ಯಾಹ್ನ 29 ಡಿಗ್ರಿ ಇರುವ ದಿನ ಅಲ್ಲಿ 37 ಇರುವುದು ಮಾಮೂಲು.

ಡಿಗ್ರಿಗಿಂತ ದೊಡ್ಡದು ಪಕ್ಕದ ಕಡಲಿನಿಂದ ಗಾಳಿಗೆ ಸೇರುವ ತೇವ. ಅದು ಸೆಂಟ್ರಲ್‌ನಲ್ಲಿ ಇಳಿದ ಕ್ಷಣವೇ ಕಣ್ಣಿಗೆ ಕಾಣುತ್ತದೆ. ಐದಾರು ತಾಸು ಎ.ಸಿ. ಬೋಗಿಯಲ್ಲಿ ಕೂತು ಕನ್ನಡಕದ ಗಾಜು ತಣ್ಣಗಾಗಿರುತ್ತದೆ. ಬಾಗಿಲಲ್ಲಿ ನಿಂತು ಪ್ಲಾಟ್‌ಫಾರಂ ಮೇಲೆ ಕಾಲಿಡುವಷ್ಟರಲ್ಲಿ ಎರಡೂ ಗಾಜಿನ ಮೇಲೆ ಬಿಳಿ ಪೊರೆ ಕಟ್ಟಿ ಏನೂ ಕಾಣುವುದಿಲ್ಲ. ಒರೆಸಿದರೆ ಮತ್ತೆ ಕಟ್ಟುತ್ತದೆ. ವಯಸ್ಸಾದವರು ರೈಲಿನ ಮೆಟ್ಟಿಲಲ್ಲಿ ತಡಬಡಾಯಿಸುವುದು ಇಂಥ ಹೊತ್ತಿನಲ್ಲೇ, ಮಾವನವರು ಕನ್ನಡಕ ಹಾಕುವವರಾದರೆ ಇಳಿಯುವಾಗ ಕೈ ಹಿಡಿದುಕೊಳ್ಳಿ. ಗಾಜಿನ ಮೇಲೆ ನೀರಾಗಿ ಕೂರುವಷ್ಟು ತೇವ ಗಾಳಿಯಲ್ಲಿದ್ದರೆ ಮೈಮೇಲಿನ ಬೆವರು ಆರುವುದೆಲ್ಲಿಂದ? ಬೆವರು ಸುರಿಯುವುದರಿಂದ ಮೈ ತಂಪಾಗುವುದಿಲ್ಲ, ಆರಿದರೆ ಮಾತ್ರ ತಂಪು. ಅದಕ್ಕೇ ಅಲ್ಲಿ ಅಂಗಿ ತೊಯ್ದರೂ ಝಳ ಇಳಿಯುವುದಿಲ್ಲ.

ಇಲ್ಲೊಂದು ಮಾತು ಸ್ಪಷ್ಟವಾಗಿರಲಿ. ಒಂದು ದಿನ ಮೊದಲು ಹೋದರೆ ಮೈ ಸೆಕೆಗೆ ಒಗ್ಗಿಬಿಡುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ನಿಜವಾಗಿ ಒಗ್ಗಲು ಒಂದೆರಡು ವಾರ ಬೇಕು. ಮೊದಲೇ ಹೋಗುವುದರಿಂದ ಸಿಗುವುದು ಆತುರವಿಲ್ಲದ ಒಂದು ದಿನ. ಅದೇ ದಿನ ಹೋದರೆ ಬೆಳಿಗ್ಗೆ ನಾಲ್ಕಕ್ಕೆ ಎದ್ದು, ಸರಿಯಾಗಿ ತಿಂಡಿ ಇಲ್ಲದೆ, ಹನ್ನೊಂದರ ಬಿಸಿಲಲ್ಲಿ ಸೆಂಟ್ರಲ್ ಹೊರಗೆ ಆರು ಜನ ಮತ್ತು ಸೂಟ್‌ಕೇಸುಗಳಿಗೆ ಎರಡು ಟ್ಯಾಕ್ಸಿ ಹುಡುಕಿ, ರಾಜಾಜಿ ಸಾಲೈ ಟ್ರಾಫಿಕ್ಕಿನಲ್ಲಿ ಕೂತು, ಬಂದರಿನ ಗೇಟಿನಲ್ಲಿ ತಪಾಸಣೆಗೆ ನಿಲ್ಲಬೇಕು. ಇಷ್ಟೆಲ್ಲ ದಿನದ ಅತಿ ಕೆಟ್ಟ ಹೊತ್ತಿನಲ್ಲಿ. ಮುದುಕರನ್ನು ನೆಲಕ್ಕೆ ಹಾಕುವುದು ಸೆಕೆಯೊಂದೇ ಅಲ್ಲ, ಸೆಕೆಯಲ್ಲಿ ಮಾಡುವ ಓಡಾಟ.

ಹೊರಡುವ ವಾರದ ಮೊದಲೇ ಮಾವನವರನ್ನು ಅವರ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಬಿ.ಪಿ.ಗೆ ಕೊಡುವ ಕೆಲವು ಮಾತ್ರೆಗಳು ಮೂತ್ರದ ಮೂಲಕ ನೀರು, ಉಪ್ಪು ಹೊರಹಾಕುತ್ತವೆ, ಜನ ನೀರಿನ ಮಾತ್ರೆ ಅನ್ನುತ್ತಾರಲ್ಲ, ಅವು. ಬೆವರೂ ಸೇರಿದರೆ ತಲೆ ಸುತ್ತಿ ಬೀಳಬಹುದು. ಡೋಸು ಬದಲಿಸಬೇಕೋ ಬೇಡವೋ ಡಾಕ್ಟರೇ ಹೇಳಲಿ, ನೀವಾಗಿ ನಿಲ್ಲಿಸಬೇಡಿ. ಹಡಗಿನ ತೂಗಾಟಕ್ಕೆ ವಾಂತಿ ತಡೆಯುವ ಮಾತ್ರೆ ಯಾವುದು ಅವರಿಗೆ ಆಗುತ್ತದೆ ಅನ್ನುವುದನ್ನೂ ಅಲ್ಲೇ ಕೇಳಿ. ಅವುಗಳಲ್ಲಿ ಕೆಲವು ಮಂಪರು ತರುತ್ತವೆ. ವಯಸ್ಸಾದವರಿಗೆ ಬಾಯಾರಿಕೆಯೇ ಕಮ್ಮಿ, ಕೇಳುವವರೆಗೆ ಕಾಯಬೇಡಿ. ಮಜ್ಜಿಗೆ, ಎಳನೀರು, ನೀರು, ಗಂಟೆಗೊಮ್ಮೆ ಕೈಗೆ ಕೊಡುತ್ತಿರಿ.

ಈಗ ದುಡ್ಡಿನ ಮಾತು. ನಾನು ಹೇಳುವುದು ಹಿಂದಿನ ದಿನದ ಮಧ್ಯಾಹ್ನದ ರೈಲು. ಬೃಂದಾವನ ಇದೆ, ಡಬಲ್ ಡೆಕರ್ ಇದೆ, ವಂದೇ ಭಾರತ್ ಇದೆ. ಮನೆಯಲ್ಲೇ ಊಟ ಮುಗಿಸಿ ಹೊರಟು ಬಿಸಿಲು ಇಳಿದ ಮೇಲೆ ಊರು ಮುಟ್ಟುತ್ತೀರಿ. ಎಗ್ಮೋರ್, ಪೆರಿಯಮೇಡು ಕಡೆಯ ಎಷ್ಟೋ ಲಾಡ್ಜುಗಳಲ್ಲಿ 24 ಗಂಟೆಯ ಚೆಕ್-ಔಟ್ ಪದ್ಧತಿ ಇದೆ: ರಾತ್ರಿ ಎಂಟಕ್ಕೆ ಕೋಣೆ ಹಿಡಿದರೆ ಮರುದಿನ ರಾತ್ರಿ ಎಂಟರ ತನಕ ಅದು ನಿಮ್ಮದೇ. ಅಂದರೆ ಒಂದೇ ದಿನದ ಬಾಡಿಗೆಯಲ್ಲಿ ಬಂದರಿಗೆ ಹೊರಡುವ ಕೊನೆಯ ಗಳಿಗೆಯವರೆಗೂ ಮಾವನವರು ಫ್ಯಾನಿನಡಿ ಮಲಗಬಹುದು. ಕೋಣೆ ಹಿಡಿಯುವ ಮೊದಲು ಇದನ್ನು ಬಾಯಿಬಿಟ್ಟು ಕೇಳಿ, ಮಧ್ಯಾಹ್ನ ಹನ್ನೆರಡಕ್ಕೆ ಖಾಲಿ ಮಾಡಿ ಅನ್ನುವ ಹೋಟೆಲು ನಿಮಗೆ ಬೇಡ. ರಾತ್ರಿ ಮೈಲಿನಲ್ಲಿ ಹೋದರೆ ಕೋಣೆ ಬಾಡಿಗೆ ಉಳಿಯುತ್ತದೆ ಅಂತ ಇನ್ನೊಂದು ಸಲಹೆ ಬರಬಹುದು. ಅದು ನಸುಕಿನಲ್ಲೇ ಇಳಿಸಿಬಿಡುತ್ತದೆ, ಅರೆನಿದ್ದೆಯ ಮಕ್ಕಳನ್ನು ಕಟ್ಟಿಕೊಂಡು ಮಧ್ಯಾಹ್ನದವರೆಗೆ ಎಲ್ಲಿ ಕೂರುತ್ತೀರಿ? ಪೆರಂಬೂರಿನಲ್ಲಿ ನೆಂಟರಿದ್ದರೆ ಮಾತು ಬೇರೆ. ಹಲಸೂರು, ಶಿವಾಜಿನಗರ, ಫ್ರೇಜರ್ ಟೌನಿನ ಎಷ್ಟೋ ಮನೆಗಳಿಗೆ ಪೆರಂಬೂರು, ವೆಲ್ಲೂರು, ಆಂಬೂರುಗಳಲ್ಲಿ ನಂಟಿದೆ. ಕೆಲವು ರೈಲುಗಳು ಪೆರಂಬೂರಿನಲ್ಲೇ ನಿಲ್ಲುತ್ತವೆ ಕೂಡ.

ಆ ನಂಟು ರೈಲಿನಷ್ಟೇ ಹಳೆಯದು, ಅದಕ್ಕಿಂತಲೂ ಹಳೆಯದು. ನಮ್ಮ ಊರಿಗೆ ಮೊದಲು ರೈಲು ಬಂದಿದ್ದು ಈಗಿನ ಸಿಟಿ ಸ್ಟೇಷನ್ನಿಗಲ್ಲ, ದಂಡಿಗೆ. ಮದ್ರಾಸ್ ರೈಲ್ವೆ ಜೋಲಾರಪೇಟೆಯಿಂದ ದಂಡಿನವರೆಗೆ ಹಳಿ ಹಾಕಿ 1864ರ ಆಗಸ್ಟ್ 1ರಂದು ಗಾಡಿ ಬಿಟ್ಟಿತು. ಸಿಪಾಯಿಗಳು, ಸರಕು, ಸೀಮೆಗೆ ಹೋಗುವ ಕುಟುಂಬಗಳು, ಎಲ್ಲರಿಗೂ ಸಮುದ್ರದ ದಾರಿ ಅದೇ. ಆಗ ಮದರಾಸಿನಲ್ಲಿ ಬಂದರಿನ ಗೋಡೆಯೂ ಇರಲಿಲ್ಲ. ಹಡಗು ದೂರದಲ್ಲಿ ಲಂಗರು ಹಾಕಿ ನಿಂತರೆ, ಮೊಳೆ ಹೊಡೆಯದೆ ತೆಂಗಿನ ನಾರಿನ ಹುರಿಯಿಂದ ಹಲಗೆ ಹೊಲಿದ ಮಸುಲಾ ದೋಣಿಗಳಲ್ಲಿ ಕೂತು ಅಲೆಗಳ ಮೇಲೆ ಏರಿಳಿದು ಅದನ್ನು ಮುಟ್ಟಬೇಕು. ಮೊಳೆ ಹೊಡೆದ ಗಟ್ಟಿ ದೋಣಿ ಅಲೆಯ ಪೆಟ್ಟಿಗೆ ಒಡೆಯುತ್ತದೆ, ಹೊಲಿದದ್ದು ಬಳುಕಿ ಉಳಿಯುತ್ತದೆ. ಬಂದರು ಕಟ್ಟುವ ಕೆಲಸ ಶುರುವಾಗಿದ್ದು 1870ರ ದಶಕದಲ್ಲಿ. 1881ರ ಚಂಡಮಾರುತ ಕಟ್ಟಿದ್ದನ್ನು ಕೆಡವಿತು, ಮತ್ತೆ ಕಟ್ಟಿದರು.

ದಂಡಿಗೆ ಬರುತ್ತಿದ್ದ ಒಬ್ಬ ಸೈನ್ಯಾಧಿಕಾರಿಯ ಕಥೆ ನಿಮ್ಮ ಮನೆಯ ಹಿರಿಯರಿಗೆ ಉಪಯೋಗಕ್ಕೆ ಬರುತ್ತದೆ. 1896ರಲ್ಲಿ, ಇನ್ನೂ 22 ತುಂಬದ ವಿನ್ಸ್‌ಟನ್ ಚರ್ಚಿಲ್ ತನ್ನ ರೆಜಿಮೆಂಟಿನ ಜೊತೆ ಬೆಂಗಳೂರಿಗೆ ಬರಲು ಮುಂಬಯಿಯ ಸಾಸೂನ್ ಡಾಕ್‌ನಲ್ಲಿ ಸಣ್ಣ ದೋಣಿಯಿಂದ ಇಳಿಯುತ್ತಿದ್ದ. ಗೋಡೆಯ ಕಬ್ಬಿಣದ ಬಳೆ ಹಿಡಿದುಕೊಂಡ ಹೊತ್ತಿಗೆ ಅಲೆ ದೋಣಿಯನ್ನು ಕೆಳಗೆ ಸೆಳೆಯಿತು, ಬಲಭುಜ ತಪ್ಪಿತು. ಆ ಭುಜ ಬದುಕಿಡೀ ಕಾಡಿತು. ನೀವು ಹತ್ತುವ ಹಡಗಿಗೆ ಭದ್ರವಾದ ಏಣಿಸೇತುವೆ ಇರುತ್ತದೆ, ಆದರೂ ನೆಲಕ್ಕೂ ಹಡಗಿಗೂ ನಡುವೆ ಸಣ್ಣ ಅಲುಗಾಟ ಇದ್ದೇ ಇರುತ್ತದೆ. ಅತ್ತೆ-ಮಾವ ಅದನ್ನು ದಾಟುವಾಗ ಅವರ ಎರಡೂ ಕೈ ಖಾಲಿ ಇರಲಿ. ಮಂಡಿ ನೋವಿದ್ದರೆ ಗಾಲಿಕುರ್ಚಿ ಬೇಕೆಂದು ಕಂಪನಿಗೆ ಮೊದಲೇ ಹೇಳಿಡಿ.

ಎಲ್ಲಿ ಹತ್ತಬೇಕು ಅಂದರೆ, ಹಲಸೂರಿನಿಂದ ದಂಡೇ ಹತ್ತಿರ. ಅಲ್ಲಿ ನಿಲ್ದಾಣ ಹೊಸದಾಗಿ ಕಟ್ಟುವ ಕೆಲಸ ನಡೆಯುತ್ತಿರುವುದರಿಂದ ಒಳಗೆ ಹೋಗುವ ದಾರಿ ಆಗಾಗ ಬದಲಾಗುತ್ತಿದೆ. ವಸಂತನಗರದ ಕಡೆಯೋ ಮಿಲ್ಲರ್ಸ್ ರಸ್ತೆಯ ಕಡೆಯೋ ಅಂತ ಮೊದಲೇ ವಿಚಾರಿಸಿ ಆಟೋ ಹತ್ತಿ. ಲಗೇಜು ಕಡಿಮೆ ಇದ್ದರೆ ಹಲಸೂರು ಅಥವಾ ಇಂದಿರಾನಗರದಿಂದ ನೇರಳೆ ಮೆಟ್ರೋದಲ್ಲಿ ಕೆ.ಆರ್. ಪುರಕ್ಕೂ ಹೋಗಬಹುದು. ಬೈಯಪ್ಪನಹಳ್ಳಿಯಿಂದ ಅಲ್ಲಿಗೆ ಮೆಟ್ರೋ ಕೂಡಿದ್ದು 2023ರ ಅಕ್ಟೋಬರಿನಲ್ಲಿ, ಅಲ್ಲಿಂದೀಚೆಗೆ ತೂಗುಸೇತುವೆಯ ಕೆಳಗಿನ ಟ್ರಾಫಿಕ್ಕಿನಲ್ಲಿ ರೈಲು ತಪ್ಪುವ ಭಯ ಇಲ್ಲವಾಗಿದೆ. ಆದರೆ ಮೆಟ್ರೋ ಇಳಿದ ಮೇಲೆ ಪ್ಲಾಟ್‌ಫಾರಂವರೆಗೆ ನಡಿಗೆ ಇದೆ. ಆರು ಜನ, ಇಬ್ಬರು ಹಿರಿಯರು ಅಂದ ಮೇಲೆ ನನ್ನ ಓಟು ದಂಡಿಗೆ. ಎಲ್ಲ ರೈಲೂ ಎರಡೂ ಕಡೆ ನಿಲ್ಲುವುದಿಲ್ಲ, ಟಿಕೆಟ್ ಮಾಡಿಸುವಾಗಲೇ ಹತ್ತುವ ನಿಲ್ದಾಣ ಸರಿ ಹಾಕಿಸಿ.

ಮರುದಿನ ಬೆಳಿಗ್ಗೆ ಮಾತ್ರ ಮಲಗಿ ಕಳೆಯಬೇಡಿ. ಐದೂವರೆಗೆಲ್ಲ ಮರೀನಾಕ್ಕೆ ಹೋಗಿ. ಗೋಕರ್ಣ, ಉಳ್ಳಾಲದ ಅಭ್ಯಾಸದಲ್ಲಿ ನಾವು ಸಂಜೆ ಸೂರ್ಯ ಮುಳುಗುವುದನ್ನು ನೋಡಲು ಬೀಚಿಗೆ ಹೋಗುತ್ತೇವೆ. ಅಲ್ಲಿ ಸೂರ್ಯ ಸಮುದ್ರದಿಂದ ಏಳುತ್ತಾನೆ. ಆ ಹೊತ್ತಿಗೆ ಮರಳು ತಣ್ಣಗಿರುತ್ತದೆ, ಮಕ್ಕಳು ಬರಿಗಾಲಲ್ಲಿ ಓಡಬಹುದು. ನೀರಿಗೆ ಇಳಿಸಬೇಡಿ, ಸೆಳೆತ ಬಹಳ ಕೆಟ್ಟದ್ದು. ಅಲ್ಲಿಂದ ಹತ್ತಿರವೇ ರಾಧಾಕೃಷ್ಣನ್ ಸಾಲೈಯಲ್ಲಿ ನ್ಯೂ ವುಡ್‌ಲ್ಯಾಂಡ್ಸ್ ಇದೆ. ದಕ್ಷಿಣ ಕನ್ನಡದ ಕಡಂದಲೆಯಿಂದ ಬರಿಗೈಲಿ ಮದರಾಸಿಗೆ ಹೋದ ಕೆ. ಕೃಷ್ಣರಾಯರು 1938ರಲ್ಲಿ ರಾಯಪೇಟೆಯಲ್ಲಿ ಶುರು ಮಾಡಿದ ಹೆಸರು ಅದು. ಇಡ್ಲಿ ತಿಂದು ಒಂಬತ್ತರೊಳಗೆ ಕೋಣೆ ಸೇರಿಕೊಳ್ಳಿ. ಜೂನ್‌ನಲ್ಲಿ ಪಡುವಣ ಗಾಳಿ ಜೋರಾದ ದಿನ ಕಡಲಗಾಳಿ ಒಳಗೆ ಬರುವುದು ತಡವಾಗುತ್ತದೆ, ಅಂಥ ದಿನ ಮಧ್ಯಾಹ್ನ 40 ಡಿಗ್ರಿ ಮುಟ್ಟುವುದೂ ಉಂಟು. ಆಗ ಮಾರ್ಕೆಟ್ಟು, ದೇವಸ್ಥಾನ ಯಾವುದೂ ಬೇಡ.

ಬಂದರಿಗೆ ಹಲವು ಗೇಟುಗಳಿವೆ. ಕ್ರೂಸ್ ಟರ್ಮಿನಲ್ಲಿಗೆ ಯಾವ ಗೇಟು ಅಂತ ಟಿಕೆಟ್ಟಿನಲ್ಲಿ ಇರುತ್ತದೆ, ಅದನ್ನು ಟ್ಯಾಕ್ಸಿಯವರಿಗೆ ತೋರಿಸಿ, ಬರೀ ಹಾರ್ಬರ್ ಅಂದರೆ ಎಲ್ಲೋ ಇಳಿಸುತ್ತಾರೆ. ದೊಡ್ಡ ಪೆಟ್ಟಿಗೆಗಳನ್ನು ಅಲ್ಲೇ ತೆಗೆದುಕೊಳ್ಳುತ್ತಾರೆ, ಅವು ನಿಮ್ಮ ಕ್ಯಾಬಿನ್ ಸೇರುವುದು ಕೆಲವು ತಾಸು ಕಳೆದ ಮೇಲೆ. ಮಾತ್ರೆ, ಕನ್ನಡಕ, ಮಕ್ಕಳ ಒಂದು ಜೊತೆ ಬಟ್ಟೆ, ಗುರುತಿನ ಚೀಟಿ ಕೈಚೀಲದಲ್ಲೇ ಇರಲಿ. ಮಕ್ಕಳಿಗೂ ಸೇರಿ ಎಲ್ಲರಿಗೂ ಅಸಲಿ ಗುರುತಿನ ಚೀಟಿ ಬೇಕು, ಹೆಸರು ಟಿಕೆಟ್ಟಿನಲ್ಲಿ ಇರುವಂತೆಯೇ ಇರಬೇಕು. ನಿಮ್ಮ ಹಡಗು ಶ್ರೀಲಂಕಾ ಮುಟ್ಟುವುದಾದರೆ ಪಾಸ್‌ಪೋರ್ಟ್ ಇಲ್ಲದೆ ಹತ್ತಿಸುವುದಿಲ್ಲ, ಆ ದೇಶದ ಪ್ರವೇಶಾನುಮತಿಯನ್ನೂ ವಿಚಾರಿಸಿ.

ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಹೋಗುವ ಬೇರೆ ಓದುಗರಿಗೆ ಮಾತ್ರ ಒಂದು ದಿನ ಸಾಲದು ಅನ್ನುತ್ತೇನೆ. 2023ರ ಡಿಸೆಂಬರಿನಲ್ಲಿ ಮಿಚೌಂಗ್ ಚಂಡಮಾರುತ ಬಂದಾಗ ವ್ಯಾಸರ್ಪಾಡಿಯ ಹತ್ತಿರ ಸೇತುವೆಗೆ ನೀರೇರಿ ಸೆಂಟ್ರಲ್‌ಗೆ ಹೋಗುವ ರೈಲುಗಳೇ ರದ್ದಾದವು, ವಿಮಾನ ನಿಲ್ದಾಣವೂ ಮುಚ್ಚಿತು. ಆ ತಿಂಗಳುಗಳಲ್ಲಿ ವಾರ ಮೊದಲಿಂದ ಹವಾಮಾನ ಇಲಾಖೆಯ ಮುನ್ಸೂಚನೆ ನೋಡುತ್ತಿರಿ. ಇಷ್ಟು ದೂರ ಹೋಗುವ ಬದಲು ನಮ್ಮ ಮಂಗಳೂರಿನಿಂದಲೇ ಹತ್ತಬಾರದೇ ಅಂತಲೂ ಹಲವರು ಕೇಳುತ್ತಾರೆ. ಪಣಂಬೂರಿನ ಬಂದರಿಗೆ ಚಳಿಗಾಲದಲ್ಲಿ ಹೊರದೇಶದ ಪ್ರವಾಸಿ ಹಡಗುಗಳು ಬರುತ್ತವೆ, ಆದರೆ ಬಹುಪಾಲು ಒಂದು ಹಗಲು ನಿಂತು ಮುಂದೆ ಹೋಗುತ್ತವೆ. ಕನ್ನಡ ನಾಡಿನ ಒಂದು ಕುಟುಂಬ ತನ್ನ ನೆಲದಿಂದಲೇ ಹಡಗು ಹತ್ತುವಂತಾಗಬೇಕು ಅನ್ನುವ ಆಸೆ ನನ್ನದೂ.

ವಾಪಸು ಬರುವ ಟಿಕೆಟ್ಟನ್ನೂ ಈಗಲೇ ಯೋಚಿಸಿ. ಹಡಗು ಬೆಳಿಗ್ಗೆಯೇ ಬಂದರಿಗೆ ಬಂದರೂ ಮಹಡಿವಾರು ಸರದಿಯಲ್ಲಿ ಇಳಿಸುತ್ತಾರೆ. ಬೆಳಗಿನ ಬೃಂದಾವನ ಸಿಗುವುದಿಲ್ಲ, ಅದಕ್ಕೆ ಟಿಕೆಟ್ ಮಾಡಿಸಬೇಡಿ. ಮಧ್ಯಾಹ್ನದ ಲಾಲ್‌ಬಾಗ್ ಎಕ್ಸ್‌ಪ್ರೆಸ್ ಅಥವಾ ಸಂಜೆಯ ಶತಾಬ್ದಿ ಸರಿ. ಶತಾಬ್ದಿಯಾದರೆ ಊರು ಸೇರುವಾಗ ರಾತ್ರಿ ಹತ್ತು ದಾಟುತ್ತದೆ, ಮಕ್ಕಳಿಗೆ ಮರುದಿನ ಶಾಲೆಯಿದ್ದರೆ ಲಾಲ್‌ಬಾಗ್ ಮೇಲು. ರೈಲು ಟಿಕೆಟ್ 60 ದಿನ ಮೊದಲು ತೆರೆಯುತ್ತದೆ. ಹೋಗುವುದು ಬರುವುದು ಎರಡನ್ನೂ ತೆರೆದ ದಿನವೇ ಮಾಡಿಸಿ, ಆರು ಸೀಟು ಒಂದೇ ಬೋಗಿಯಲ್ಲಿ ಸಿಗುವುದು ಆಗ ಮಾತ್ರ.