ರಕ್ತದೊತ್ತಡ ತುಸು ಏರಿದಾಗ: ಮಾತ್ರೆಯೋ, ಪಥ್ಯವೋ?

ನಾಲ್ಕು ಹುಳು ಕಂಡ ಮಾತ್ರಕ್ಕೆ ಔಷಧಿ ಸಿಂಪಡಿಸಬಾರದು; ಎಣಿಸಿ ನೋಡಿ, ನಷ್ಟದ ಮಟ್ಟ ಮೀರಿದರೆ ಮಾತ್ರ ಸಿಂಪಡಿಸಬೇಕೆಂದು ರೈತ ಬಾಂಧವರಿಗೆ ತಿಳಿದಿದೆ. ತುಸು ಏರಿದ ರಕ್ತದೊತ್ತಡಕ್ಕೂ ಬಹುಮಟ್ಟಿಗೆ ಇದೇ ಕ್ರಮ.

ಅಳತೆ: ಹೊಲದಿಂದ ಬಂದೊಡನೆ, ಕಾಫಿ ಕುಡಿದ ಅಥವಾ ಬೀಡಿ ಸೇದಿದ ಅರ್ಧ ಗಂಟೆಯೊಳಗೆ ಅಳೆಸಬಾರದು. ಐದು ನಿಮಿಷ ಒರಗಿ ಕುಳಿತು, ಬೇರೆ ಬೇರೆ ದಿನಗಳಲ್ಲಿ ಎರಡು ಮೂರು ಸಲ ಅಳೆಸಬೇಕು.

ಮಟ್ಟ:
1. 130-139/80-89: ಬೇರೆ ಕಾಯಿಲೆಯಿಲ್ಲದವರಿಗೆ ಸಾಮಾನ್ಯವಾಗಿ ಮೊದಲು ಪಥ್ಯವೇ ಸಾಕು.
2. 140-159/90-99: ಬೇರೆ ಅಪಾಯವಿಲ್ಲದಿದ್ದರೆ ವೈದ್ಯರು 3ರಿಂದ 6 ತಿಂಗಳು ಪಥ್ಯಕ್ಕೆ ಅವಕಾಶ ಕೊಡಬಹುದು. ಇಳಿಯದಿದ್ದರೆ ಮಾತ್ರೆ ಬೇಕು.
3. 160/100 ಮತ್ತು ಮೇಲ್ಪಟ್ಟು: ಕಾಯುವಂತಿಲ್ಲ.

ಸಕ್ಕರೆ ಕಾಯಿಲೆ, ಹೃದ್ರೋಗ, ಮೂತ್ರಪಿಂಡದ ತೊಂದರೆ ಇರುವವರಿಗೆ 130 ದಾಟಿದರೂ ಮಾತ್ರೆ ಬೇಕಾಗಬಹುದು.

ಪಥ್ಯ: ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯಂತೆ ಉಪ್ಪು ದಿನಕ್ಕೆ 5 ಗ್ರಾಂಗಿಂತ, ಅಂದರೆ ಸುಮಾರು ಒಂದು ಚಹಾ ಚಮಚಕ್ಕಿಂತ, ಕಡಿಮೆಯಿರಬೇಕು. ಉಪ್ಪಿನಕಾಯಿ, ಹಪ್ಪಳ, ಸಂಡಿಗೆಗಳ ಉಪ್ಪೂ ಇದೇ ಲೆಕ್ಕಕ್ಕೆ ಸೇರುತ್ತದೆ. ಸೊಪ್ಪು, ತರಕಾರಿ, ಕಾಳು ಹೆಚ್ಚಿಸಿ. ಬೊಜ್ಜು ಕರಗಿಸಿ. ಮದ್ಯ, ಹೊಗೆಸೊಪ್ಪು ಬಿಡಿ. ಟ್ರ್ಯಾಕ್ಟರ್, ಬೈಕು ಬಂದ ಮೇಲೆ ನಡಿಗೆ ಕಡಿಮೆಯಾಗಿದ್ದರೆ ದಿನಕ್ಕೆ ಅರ್ಧ ಗಂಟೆ ಬಿರುಸಾಗಿ ನಡೆಯಿರಿ.

ಒಂದು ಎಚ್ಚರಿಕೆ. ಹುಳು ಕಣ್ಣಿಗೆ ಕಾಣುತ್ತದೆ, ರಕ್ತದೊತ್ತಡ ಕಾಣುವುದಿಲ್ಲ. ತಲೆನೋವಿಲ್ಲವೆಂದು ನಿರ್ಲಕ್ಷಿಸಿದರೆ ಪಾರ್ಶ್ವವಾಯು, ಹೃದಯಾಘಾತ ಉಂಟಾಗಬಹುದು. ಆದ್ದರಿಂದ ಪಥ್ಯದ ಅವಧಿಯಲ್ಲೂ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತಿಂಗಳಿಗೊಮ್ಮೆ ಅಳೆಸಿ, ಅಂಕಿಗಳನ್ನು ಬರೆದಿಡಿ. ಈಗಾಗಲೇ ಮಾತ್ರೆ ಸೇವಿಸುತ್ತಿರುವವರು ವೈದ್ಯರನ್ನು ಕೇಳದೆ ನಿಲ್ಲಿಸಬಾರದು.