ಕುಬ್ಜವೃಕ್ಷಕ್ಕೆ ತಕ್ಕ ಶಿಲೆ

ಹಳೆಯ ಕೋಟೆಯ ಗೋಡೆಯ ಮೇಲೆ, ಪಾಳುಬಿದ್ದ ಮಂಟಪದ ನೆತ್ತಿಯಲ್ಲಿ, ಊರಾಚೆಯ ಹೆಬ್ಬಂಡೆಯ ಬಿರುಕಿನಲ್ಲಿ ಅರಳಿಯೋ ಆಲವೋ ಬಸರಿಯೋ ಹುಟ್ಟಿ ಬೆಳೆದಿರುವುದನ್ನು ಕಾಣದ ಕನ್ನಡಿಗರು ವಿರಳ. ಹಕ್ಕಿಯು ಹಣ್ಣನ್ನು ತಿಂದು ಉದುರಿಸಿದ ಬೀಜವು ಕಲ್ಲಿನ ಸಂದಿನಲ್ಲಿ ಮೊಳೆಯುತ್ತದೆ. ಮಣ್ಣಿಲ್ಲದ ಆ ಎತ್ತರದಿಂದ ಬೇರುಗಳನ್ನು ಕೆಳಕ್ಕೆ ಇಳಿಬಿಡುತ್ತದೆ. ಅವು ನೆಲವನ್ನು ಮುಟ್ಟಿದ ಬಳಿಕ ದಪ್ಪನಾಗಿ ಬಂಡೆಯನ್ನು ತಬ್ಬಿ ನಿಲ್ಲುತ್ತವೆ. ನೋಡುವವನಿಗೆ ಮರವು ಕಲ್ಲನ್ನು ಹಿಡಿದಿದೆಯೋ, ಕಲ್ಲು ಮರವನ್ನು ಹೊತ್ತಿದೆಯೋ ತಿಳಿಯದಷ್ಟು ಅವೆರಡೂ ಒಂದಾಗಿರುತ್ತವೆ. ಈ ದೃಶ್ಯವನ್ನೇ ಒಂದು ಮೊಳದ ಎತ್ತರದಲ್ಲಿ, ಒಂದು ಹರಿವಾಣದಷ್ಟು ಎಡೆಯಲ್ಲಿ ಮೂಡಿಸುವ ಕಲೆಯೊಂದು ಜಪಾನಿನಲ್ಲಿ ಬೆಳೆದು ಬಂದಿದೆ. ಆ ಕಲೆಯಲ್ಲಿ ಶಿಲೆಯನ್ನು ಆರಿಸುವ ಕ್ರಮವೇನೆಂಬುದು ಈ ಪಾಠದ ವಿಷಯ.

ಕಲೆಯ ಹುಟ್ಟು ಮತ್ತು ಹೆಸರು

‘ಬೋನ್ಸಾಯ್’ ಎಂಬುದು ಎರಡು ಪದಗಳ ಸಮಾಸ. ‘ಬೋನ್’ ಎಂದರೆ ಆಳವಿಲ್ಲದ ತಟ್ಟೆ. ‘ಸಾಯ್’ ಎಂದರೆ ನೆಡುವಿಕೆ. ತಟ್ಟೆಯಲ್ಲಿ ನೆಟ್ಟುದು ಎಂದು ಇದರ ಅರ್ಥ. ಕನ್ನಡದಲ್ಲಿ ಇದನ್ನು ಕುಬ್ಜವೃಕ್ಷವೆಂದು ಕರೆಯುವುದುಂಟು. ಇದರ ಮೂಲವು ಚೀನಾ ದೇಶದ್ದು. ಅಲ್ಲಿ ಇದಕ್ಕೆ ‘ಪೆನ್‌ಜಿಂಗ್’, ಅಂದರೆ ತಟ್ಟೆಯೊಳಗಿನ ದೃಶ್ಯವೆಂದು ಹೆಸರು. ಟಾಂಗ್ ವಂಶದ ರಾಜಕುಮಾರ ಝಾಂಗ್‌ಹುವಾಯ್‌ನ ಕ್ರಿ.ಶ. 706ರ ಸಮಾಧಿಯ ಭಿತ್ತಿಚಿತ್ರದಲ್ಲಿ, ಕಲ್ಲುಗಳನ್ನೂ ಪುಟ್ಟ ಗಿಡಗಳನ್ನೂ ಇರಿಸಿದ ತಟ್ಟೆಯನ್ನು ಹಿಡಿದ ಪರಿಚಾರಿಕೆಯ ಚಿತ್ರವಿದೆ. ಕಲ್ಲು ಮತ್ತು ಗಿಡಗಳ ಈ ನಂಟು ಅಷ್ಟು ಪುರಾತನವಾದುದು.

ಚೀನಾದಿಂದ ಜಪಾನಿಗೆ ಸಾಗಿದ ಈ ಕಲೆಯು ಅಲ್ಲಿ ನಿಯಮಬದ್ಧವಾಯಿತು. 1923ರ ಮಹಾಭೂಕಂಪದ ತರುವಾಯ ಟೋಕಿಯೋ ನಗರದ ಬೆಳೆಗಾರರು ಕೆಲವರು ಓಮಿಯಾ ಎಂಬಲ್ಲಿಗೆ ವಲಸೆ ಹೋಗಿ 1925ರಲ್ಲಿ ಬೋನ್ಸಾಯ್ ಗ್ರಾಮವನ್ನೇ ಕಟ್ಟಿದರು. 1934ರಲ್ಲಿ ಟೋಕಿಯೋದಲ್ಲಿ ‘ಕೊಕುಫು’ ಪ್ರದರ್ಶನವು ಮೊದಲಾಯಿತು.

ಶಿಲೆಯನ್ನು ಆಶ್ರಯಿಸಿದ ಕುಬ್ಜವೃಕ್ಷಗಳಲ್ಲಿ ಎರಡು ಬಗೆ. ಕಲ್ಲಿನ ಗುಳಿಯಲ್ಲಿಯೇ ಮಣ್ಣನ್ನು ತುಂಬಿ, ಬೇರು ಅಲ್ಲಿಯೇ ನೆಲಸುವಂತೆ ಬೆಳೆಸುವುದು ‘ಇಶಿಜುಕಿ’. ಕಲ್ಲಿನ ನೆತ್ತಿಯ ಮೇಲೆ ಗಿಡವನ್ನು ಕೂರಿಸಿ, ಬೇರುಗಳು ಕಲ್ಲಿನ ಮೈಮೇಲೆ ಇಳಿದು ಕೆಳಗಿನ ತಟ್ಟೆಯ ಮಣ್ಣನ್ನು ಸೇರುವಂತೆ ಬೆಳೆಸುವುದು ‘ಸೆಕಿಜೋಜು’. ಮೊದಲನೆಯದರಲ್ಲಿ ಕಲ್ಲೇ ಪಾತ್ರೆ. ಎರಡನೆಯದರಲ್ಲಿ ಕಲ್ಲು ಬೇರಿಗೆ ದಾರಿ. ಇಲ್ಲಿ ವಿವೇಚಿಸುವುದು ಎರಡನೆಯ ಬಗೆಯನ್ನು. ಜಪಾನಿನಲ್ಲಿ ಇದಕ್ಕೆ ಮೂರು ಮೂಲೆಯ ಎಲೆಯುಳ್ಳ ಮೇಪಲ್ ಮರವನ್ನು ಹೆಚ್ಚಾಗಿ ಬಳಸುತ್ತಾರೆ. ಭಾರತದಲ್ಲಿ ಆಲ, ಅರಳಿ, ಬಸರಿ ಮೊದಲಾದ ಅತ್ತಿಯ ಕುಲದ ಮರಗಳು ಇದಕ್ಕೆ ಹೇಳಿ ಮಾಡಿಸಿದಂತಿವೆ.

ಆಯ್ಕೆಗೆ ಏಕಿಷ್ಟು ಮಹತ್ವ?

ಕುಬ್ಜವೃಕ್ಷದ ಸಾಧನೆಯಲ್ಲಿ ಬಹುಪಾಲು ತಪ್ಪುಗಳಿಗೆ ಪರಿಹಾರವುಂಟು. ಕೊಂಬೆಯನ್ನು ತಪ್ಪಾಗಿ ಕತ್ತರಿಸಿದರೆ ಮತ್ತೊಂದು ಚಿಗುರುತ್ತದೆ. ತಟ್ಟೆಯು ಒಪ್ಪದಿದ್ದರೆ ಬೇರೆಯದನ್ನು ತರಬಹುದು. ಮಣ್ಣನ್ನಂತೂ ಎರಡು ಮೂರು ವರ್ಷಗಳಿಗೊಮ್ಮೆ ಬದಲಾಯಿಸಲೇಬೇಕು. ಬದಲಾಯಿಸಲಾಗದ ವಸ್ತು ಒಂದೇ, ಅದು ಶಿಲೆ. ಬೇರುಗಳು ಒಮ್ಮೆ ಅದನ್ನು ಬಿಗಿದವೆಂದರೆ, ಬೇರನ್ನು ಕಡಿಯದೆ ಕಲ್ಲನ್ನು ತೆಗೆಯಲು ಸಾಧ್ಯವಿಲ್ಲ. ಮೊದಲ ದಿನದ ಅವಿಚಾರವು ಹತ್ತು ವರ್ಷಗಳ ಬಳಿಕ ಕಣ್ಣಿಗೆ ಬೀಳುತ್ತದೆ. ಆಗ ಹತ್ತು ವರ್ಷಗಳ ಶ್ರಮವೂ ಅದರೊಡನೆ ವ್ಯರ್ಥವಾಗುತ್ತದೆ. ಆದುದರಿಂದ ಗಿಡವನ್ನು ಹುಡುಕಲು ಒಂದು ದಿನ ಸಾಕಾದರೆ, ಶಿಲೆಯನ್ನು ಹುಡುಕಲು ಒಂದು ವರ್ಷವಾದರೂ ಅವಸರ ಸಲ್ಲದು.

ಶಿಲೆಯ ಲಕ್ಷಣಗಳು

ಮೊದಲನೆಯದು ಕಾಠಿಣ್ಯ. ಬೆಳೆಯುವ ಬೇರಿನ ಬಲವೆಷ್ಟೆಂಬುದಕ್ಕೆ ಅರಳಿಯ ಬೇರಿನಿಂದ ಸೀಳಿದ ಗೋಡೆಗಳೇ ಸಾಕ್ಷಿ. ಬಿರುಕುಳ್ಳ ಕಲ್ಲನ್ನೂ ಪದರ ಬಿಡುವ ಕಲ್ಲನ್ನೂ ಬೇರು ಕಾಲಕ್ರಮದಲ್ಲಿ ಒಡೆಯುತ್ತದೆ. ಕೈಯಿಂದ ಉಜ್ಜಿದರೆ ಪುಡಿಯುದುರುವ ಕಲ್ಲು ಈ ಕೆಲಸಕ್ಕೆ ಬಾರದು.

ಎರಡನೆಯದು ಒರಟುತನ. ಹೊಳೆಯ ನೀರಿನಲ್ಲಿ ಉರುಳಿ ನುಣುಪಾದ ಗುಂಡುಕಲ್ಲು ಕಣ್ಣಿಗೆ ಚೆಲುವಾಗಿದ್ದರೂ ಬೇರಿಗೆ ಹಿಡಿತವನ್ನು ಕೊಡದು. ತೇವವೂ ಅದರ ಮೇಲೆ ನಿಲ್ಲದು. ಸಣ್ಣ ಸಣ್ಣ ಗುಳಿ, ಗೀರು, ಉಬ್ಬುತಗ್ಗುಗಳುಳ್ಳ ಮೈಯನ್ನು ಎಳೆಯ ಬೇರು ಸುಲಭವಾಗಿ ಹಿಡಿಯುತ್ತದೆ. ಶಿಲಾರಸಿಕನೆಂದು ಹೆಸರಾದ ಚೀನಾದ ಚಿತ್ರಕಾರ ಮೀ ಫೂ (1051–1107) ಉತ್ತಮ ಶಿಲೆಗೆ ನಾಲ್ಕು ಗುಣಗಳನ್ನು ಹೇಳಿದನೆಂದು ಪ್ರತೀತಿ. ಅವು ಕೃಶತೆ, ಸುಕ್ಕು, ನೀರಿಳಿಯುವ ತೂತು, ಆರುಪಾರು ಕಾಣುವ ರಂಧ್ರ. ಈ ನಾಲ್ಕರಲ್ಲಿ ಬೇರಿನ ಕೆಲಸಕ್ಕೆ ಹೆಚ್ಚು ಒದಗುವುದು ಸುಕ್ಕು.

ಮೂರನೆಯದು ರೇಖೆ. ಕಲ್ಲಿನ ಗೀರುಗಳು ನೆತ್ತಿಯಿಂದ ಬುಡಕ್ಕೆ ಇಳಿಯುವಂತಿರಬೇಕು. ಮಳೆಯ ನೀರು ಬೆಟ್ಟದ ಕೊರಕಲಿನಲ್ಲಿ ಹರಿಯುವಂತೆ ಬೇರುಗಳು ಈ ಗೀರುಗಳಲ್ಲಿ ಹರಿಯುತ್ತವೆ. ಗೀರುಗಳು ಅಡ್ಡಲಾಗಿದ್ದರೆ ಬೇರು ಪ್ರತಿಯೊಂದು ಅಂಚಿನಲ್ಲಿಯೂ ತಡೆದು ಜಿಗಿಯಬೇಕಾಗುತ್ತದೆ. ನಡುವೆ ಕಲ್ಲು ಬಹಳ ಒಳಸರಿದಿದ್ದರೆ ಬೇರು ಕಲ್ಲನ್ನು ಮುಟ್ಟದೆ ಹಗ್ಗದಂತೆ ತೂಗಾಡುತ್ತದೆ. ಆಗ ತಬ್ಬಿದ ಭಾವವೇ ಇರುವುದಿಲ್ಲ.

ನಾಲ್ಕನೆಯದು ಆಕಾರ. ಕಲ್ಲಿನ ನೆತ್ತಿಯಲ್ಲಿ ಕುದುರೆಯ ಜೀನಿನಂತಹ ಸಣ್ಣ ತಗ್ಗು ಇದ್ದರೆ ಗಿಡದ ಬುಡವು ಅಲ್ಲಿ ಭದ್ರವಾಗಿ ಕೂರುತ್ತದೆ. ಈಟಿಯಂತೆ ಮೊನಚಾದ ನೆತ್ತಿಯ ಮೇಲೆ ಗಿಡವು ಅಲುಗಾಡುತ್ತದೆ. ಕಲ್ಲನ್ನು ನಾಲ್ಕೂ ಕಡೆ ತಿರುಗಿಸಿ ನೋಡಿ, ಯಾವ ಮುಖವು ಮುಂದಿರಬೇಕೆಂಬುದನ್ನು ನೆಡುವ ಮೊದಲೇ ನಿಶ್ಚಯಿಸತಕ್ಕದ್ದು.

ಐದನೆಯದು ಪ್ರಮಾಣ. ಹೊಸಬರು ಎಡವುವುದು ಹೆಚ್ಚಾಗಿ ಇಲ್ಲಿಯೇ. ಗೇಣುದ್ದದ ಸಸಿಗೆ ಒಪ್ಪುವಂತೆ ಮುಷ್ಟಿಯಷ್ಟು ಕಲ್ಲನ್ನು ಆರಿಸುತ್ತಾರೆ. ಆದರೆ ಕಲ್ಲು ಬೆಳೆಯುವುದಿಲ್ಲ, ಗಿಡ ಬೆಳೆಯುತ್ತದೆ. ಅತ್ತಿಯ ಕುಲದ ಬೇರುಗಳು ದಪ್ಪನಾಗುವುದಷ್ಟೇ ಅಲ್ಲದೆ ಒಂದರೊಡನೊಂದು ಬೆಸೆದುಕೊಳ್ಳುತ್ತವೆ. ಕೆಲವು ವರ್ಷಗಳಲ್ಲಿ ಕಲ್ಲು ಬೇರಿನ ಮುದ್ದೆಯೊಳಗೆ ಹುದುಗಿ ಕಾಣದಂತಾಗುತ್ತದೆ. ಆದುದರಿಂದ ಇಂದು ಸಸಿಗೆ ತುಸು ದೊಡ್ಡದೆಂದು ತೋರುವ ಕಲ್ಲೇ ನಾಳಿನ ಮರಕ್ಕೆ ಸರಿಯಾದುದು. ಬುಡದ ಒಂದಷ್ಟು ಭಾಗವು ಮಣ್ಣಿನಲ್ಲಿ ಹೂತುಹೋಗುವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಆರನೆಯದು ವರ್ಣ. ಬೂದು, ಕಪ್ಪು, ಕಂದು ಮೊದಲಾದ ಮಂದ ಬಣ್ಣಗಳು ಬೇರನ್ನು ಎತ್ತಿ ತೋರಿಸುತ್ತವೆ. ಹೊಳೆಯುವ ಬೆಣಚುಕಲ್ಲಿನಲ್ಲಿ ದೃಷ್ಟಿಯು ಮರವನ್ನು ಬಿಟ್ಟು ಕಲ್ಲಿನಲ್ಲಿಯೇ ನಿಲ್ಲುತ್ತದೆ. ಕಪ್ಪು ಕಲ್ಲು ಬಿಸಿಲಿಗೆ ಬೇಗನೆ ಕಾಯುತ್ತದೆಂಬ ಎಚ್ಚರವೂ ಇರಬೇಕು. ಬೇಸಗೆಯ ಮಧ್ಯಾಹ್ನ ಅದಕ್ಕೆ ನೆರಳು ಅವಶ್ಯ.

ಕನ್ನಡ ನಾಡಿನ ಶಿಲೆಗಳು

ಜಪಾನಿನವರು ಇಬಿ ನದಿಯ ಪ್ರದೇಶದ ಒರಟು ಕಲ್ಲನ್ನು ಈ ಕಾರ್ಯಕ್ಕೆ ಮೆಚ್ಚುತ್ತಾರೆ. ಅದನ್ನು ಅರಸಿ ಕನ್ನಡಿಗರು ದೂರ ಹೋಗಬೇಕಾದ ಅಗತ್ಯವಿಲ್ಲ. ಈ ನಾಡಿನಲ್ಲಿ ಶಿಲೆಗೆ ಬರವಿಲ್ಲ.

ದಕ್ಷಿಣದ ಬಯಲುಸೀಮೆಯಲ್ಲಿ ಕಣಶಿಲೆ ಹಾಗೂ ನೈಸ್ ಶಿಲೆಗಳು ಹೇರಳ. ಬೆಂಗಳೂರಿನ ಲಾಲ್‌ಬಾಗಿನ ಬಂಡೆಯು ಸುಮಾರು 300 ಕೋಟಿ ವರ್ಷಗಳಷ್ಟು ಹಳೆಯ ನೈಸ್ ಶಿಲೆ. ಇವು ಬಲು ಗಟ್ಟಿ. ಮಳೆಬಿಸಿಲುಗಳಿಗೆ ಮೈಯೊಡ್ಡಿ ಒರಟಾದ ತುಂಡು ಉತ್ತಮ. ಗಣಿಯಲ್ಲಿ ಆಗತಾನೆ ಸಿಡಿಸಿದ ಚೂಪಂಚಿನ ತುಂಡು ಅಷ್ಟು ಒಳ್ಳೆಯದಲ್ಲ. ಅದರ ಅಂಚು ಎಳೆಯ ಬೇರನ್ನು ಕೊಯ್ಯಬಹುದು. ಬೆಳಗಾವಿ, ವಿಜಯಪುರಗಳ ಕಡೆಯ ಕರಿಕಲ್ಲು, ಅಂದರೆ ಬಸಾಲ್ಟ್, ಹೆಪ್ಪುಗಟ್ಟಿದ ಲಾವಾರಸ. ಅದರಲ್ಲಿ ಗುಳ್ಳೆಗಳ ಗುರುತಾಗಿ ಗುಳಿಗಳುಳ್ಳ ಬಗೆಯು ಬಹಳ ಯೋಗ್ಯವಾದುದು. ಕರಾವಳಿಯಲ್ಲಿ ಮುರಕಲ್ಲು, ಚಿರೆಕಲ್ಲು ಎಂದೂ ಉಳಿದೆಡೆ ಜಂಬಿಟ್ಟಿಗೆ ಎಂದೂ ಕರೆಯುವ ಕೆಂಪುಕಲ್ಲು ತೂತುತೂತಾಗಿದ್ದು ನೀರನ್ನು ಹಿಡಿದಿಡುತ್ತದೆ. ಮೆದುವಾದ ತುಂಡನ್ನು ಬಿಟ್ಟು, ಬಿಸಿಲಿಗೆ ಬಲಿತು ಗಟ್ಟಿಯಾದುದನ್ನು ಆರಿಸಬೇಕು. ಬಾದಾಮಿಯ ಸೀಮೆಯ ಮರಳುಗಲ್ಲು ಸುಂದರವಾದರೂ ಪದರ ಬಿಡುವ ತುಂಡುಗಳನ್ನು ಅದರಲ್ಲಿ ಬಿಡತಕ್ಕದ್ದು. ಹೊಯ್ಸಳ ಶಿಲ್ಪಿಗಳ ಉಳಿಗೆ ಒಲಿದ ಬಳಪದ ಕಲ್ಲು ಇಲ್ಲಿ ಸಲ್ಲದು. ಅದು ಮೃದು, ನುಣುಪು. ಶಹಾಬಾದಿನ ಚಪ್ಪಡಿಕಲ್ಲು ಸುಣ್ಣದ ಅಂಶದ್ದು, ಸಮತಟ್ಟಾದುದು. ನೆಲಹಾಸಿಗೆ ಒಳ್ಳೆಯದೇ ಹೊರತು ಬೇರಿಗಲ್ಲ.

ಪರೀಕ್ಷಾಕ್ರಮ

ಶಿಲ್ಪಶಾಸ್ತ್ರಗಳಲ್ಲಿ ಶಿಲೆಯನ್ನು ತಟ್ಟಿ ನಾದವನ್ನು ಕೇಳಿ ಗಂಡು, ಹೆಣ್ಣು, ನಪುಂಸಕವೆಂದು ವಿಂಗಡಿಸುವ ಸಂಪ್ರದಾಯವಿದೆ. ವಿಗ್ರಹಕ್ಕಾಗಿ ಹೇಳಿದ ಆ ನಾದಪರೀಕ್ಷೆ ಇಲ್ಲಿಯೂ ಉಪಯುಕ್ತ. ಸಣ್ಣ ಸುತ್ತಿಗೆಯಿಂದ ಮೆಲ್ಲನೆ ತಟ್ಟಿದಾಗ ಗಟ್ಟಿಕಲ್ಲು ಖಣಿಲೆನ್ನುತ್ತದೆ. ಒಳಬಿರುಕುಳ್ಳದ್ದು ಒಡಕುಮಡಕೆಯಂತೆ ಬೊಡ್ಡು ಸದ್ದನ್ನು ಕೊಡುತ್ತದೆ.

ಎರಡನೆಯದು ಜಲಪರೀಕ್ಷೆ. ಒಣಗಿದ ಕಲ್ಲನ್ನು ತೂಗಿ, ರಾತ್ರಿಯಿಡೀ ನೀರಿನಲ್ಲಿ ನೆನೆಯಿಟ್ಟು, ಮರುದಿನ ಮೈಯೊರೆಸಿ ಮತ್ತೆ ತೂಗಬೇಕು. ತೂಕ ಹೆಚ್ಚಿದಷ್ಟೂ ಅದು ತೇವವನ್ನು ಹೀರಿತೆಂದು ತಿಳಿಯಬೇಕು. ಹಿಮ ಬೀಳುವ ದೇಶಗಳಲ್ಲಿ ಇಂತಹ ಕಲ್ಲಿನೊಳಗಿನ ನೀರು ಗಡ್ಡೆಕಟ್ಟಿ ಕಲ್ಲನ್ನು ಸೀಳುವ ಭಯವುಂಟು. ಕನ್ನಡ ನಾಡಿನಲ್ಲಿ ಆ ಭಯವಿಲ್ಲ.

ಮೂರನೆಯದು ಅಮ್ಲಪರೀಕ್ಷೆ. ಕಲ್ಲನ್ನು ಕೆರೆದು ಬಂದ ಪುಡಿಯ ಮೇಲೆ ನಿಂಬೆಯ ರಸವನ್ನು ಹಿಂಡಿದಾಗ ನೊರೆಯೆದ್ದರೆ ಅದು ಸುಣ್ಣಕಲ್ಲು. ಹುಳಿಮಣ್ಣನ್ನು ಬಯಸುವ ಅಜೇಲಿಯದಂತಹ ಗಿಡಗಳಿಗೆ ಅದು ಹಿತವಲ್ಲ. ಸಮುದ್ರತೀರದಿಂದ ತಂದ ಕಲ್ಲನ್ನು ಬಹುದಿನ ಸಿಹಿನೀರಿನಲ್ಲಿಟ್ಟು, ನೀರನ್ನು ಬದಲಿಸುತ್ತ, ಉಪ್ಪನ್ನು ಕಳೆಯದೆ ಬಳಸಲಾಗದು.

ಎತ್ತಬಾರದ ಕಲ್ಲುಗಳು

ಲಕ್ಷಣವೆಲ್ಲ ಕೂಡಿದ್ದರೂ ಎತ್ತಬಾರದ ಕಲ್ಲುಗಳು ಈ ನಾಡಿನಲ್ಲಿವೆ. ಕೆರೆಯ ಏರಿಯಲ್ಲಿ, ಹೊಲದ ಬದುವಿನಲ್ಲಿ, ಪಾಳುಗುಡಿಯ ಅಂಗಳದಲ್ಲಿ ಮುರಿದು ಬಿದ್ದ ವೀರಗಲ್ಲು, ಮಾಸ್ತಿಗಲ್ಲು, ಶಾಸನದ ತುಂಡುಗಳು ಎಷ್ಟೋ ಇವೆ. ಬೆನ್ನು ಮೇಲಾಗಿ ಬಿದ್ದಾಗ ಅವು ಸಾಮಾನ್ಯ ಒರಟುಕಲ್ಲಿನಂತೆಯೇ ಕಾಣುತ್ತವೆ. ಕನ್ನಡ ಭಾಷೆಯ, ನಾಡಿನ ಚರಿತ್ರೆಯ ಬಹುಭಾಗವು ತಿಳಿದುಬಂದಿರುವುದು ಇಂತಹ ಕಲ್ಲುಗಳಿಂದಲೇ. ಒಂದು ತುಂಡು ಹೋದರೆ ಒಂದು ಹೆಸರು ಹೋಯಿತು, ಒಂದು ಊರಿನ ನೆನಪು ಹೋಯಿತು. ಆದುದರಿಂದ ಯಾವ ಕಲ್ಲನ್ನಾದರೂ ಎತ್ತುವ ಮುನ್ನ ಮಗುಚಿ ನೋಡುವುದು ಕಡ್ಡಾಯ. ಅಕ್ಷರದ ಗೆರೆ, ಉಳಿಯ ಗುರುತು, ಕೆತ್ತನೆಯ ಅಂಚು ಕಂಡರೆ ಅದನ್ನು ಅಲ್ಲಿಯೇ ಬಿಟ್ಟು ಬಲ್ಲವರಿಗೆ ತಿಳಿಸಬೇಕು. 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಹಂಪೆಯಂತಹ ಕ್ಷೇತ್ರಗಳಿಂದ ಕಲ್ಲನ್ನು ತರುವ ಮಾತೇ ಕೂಡದು. ಪ್ರಾಚೀನ ಸ್ಮಾರಕಗಳ ರಕ್ಷಣೆಗೆ 1958ರ ಕಾಯಿದೆಯೇ ಇದೆ. ಜನರು ಪೂಜಿಸುವ ಕಲ್ಲನ್ನೂ, ಪರರ ಹೊಲದ ಗಡಿಗಲ್ಲನ್ನೂ ಮುಟ್ಟತಕ್ಕದ್ದಲ್ಲ. ಮನೆ ಕಟ್ಟುವಾಗ ಮಿಕ್ಕ ಕಲ್ಲು, ಬಾವಿ ತೋಡುವಾಗ ಬಂದ ಕಲ್ಲು, ಒಡೆಯನು ಒಪ್ಪಿ ಕೊಟ್ಟ ಹೊಲದ ಕಲ್ಲು ಇವೇ ಸಾಕು.

ಬೇರನ್ನು ಕೂಡಿಸುವ ಕ್ರಮ

ಆರಿಸಿದ ಕಲ್ಲನ್ನು ತಿಕ್ಕಿ ತೊಳೆಯಬೇಕು. ಉದ್ದ ಬೇರಿನ ಎಳೆಯ ಗಿಡವನ್ನು ಕಿತ್ತು, ಬೇರಿನ ಮಣ್ಣನ್ನು ತೊಳೆದು, ಕಲ್ಲಿನ ಗೀರುಗಳಲ್ಲಿ ಬೇರುಗಳನ್ನು ಒಂದೊಂದಾಗಿ ಹರಡಿ, ಜಿಗುಟುಮಣ್ಣನ್ನು ಮೆತ್ತಿ, ನಾರಿನಿಂದ ಸುತ್ತಲೂ ಬಿಗಿಯಬೇಕು. ಬಳಿಕ ಕಲ್ಲನ್ನು ನೆತ್ತಿಯವರೆಗೂ ಆಳವಾದ ಕುಂಡದ ಮಣ್ಣಿನಲ್ಲಿ ಹೂಳಬೇಕು. ಒಂದೆರಡು ವರ್ಷ ಅದನ್ನು ಕೆದಕಿ ನೋಡುವ ಚಪಲವನ್ನು ತಡೆಯಬೇಕು. ಆಮೇಲೆ ಮೇಲಿನಿಂದ ಸ್ವಲ್ಪ ಸ್ವಲ್ಪವಾಗಿ ಮಣ್ಣನ್ನು ಕಳೆಯುತ್ತ ಬಂದರೆ ಬೇರುಗಳು ಗಾಳಿಬೆಳಕುಗಳಿಗೆ ಹೊಂದಿಕೊಂಡು ತೊಗಟೆಗಟ್ಟುತ್ತವೆ.

ಉಪಸಂಹಾರ

ಕಾಠಿಣ್ಯ, ಒರಟುತನ, ಇಳಿರೇಖೆ, ಆಕಾರ, ಪ್ರಮಾಣ, ವರ್ಣ ಎಂಬ ಆರು ಲಕ್ಷಣಗಳೂ, ನಾದ, ಜಲ, ಅಮ್ಲ ಎಂಬ ಮೂರು ಪರೀಕ್ಷೆಗಳೂ ನೆನಪಿನಲ್ಲಿದ್ದರೆ ಶಿಲೆಯ ಆಯ್ಕೆಯಲ್ಲಿ ದೊಡ್ಡ ತಪ್ಪು ಆಗಲಾರದು. ವಿದ್ಯಾರ್ಥಿಯು ಈ ವರ್ಷ ಒಂದು ಕಲ್ಲನ್ನು ಆರಿಸಿ ಒಂದು ಬಸರಿಯ ಸಸಿಯನ್ನು ಅದರ ಮೇಲೆ ಕೂರಿಸಿದರೆ, ಅವನು ಶಾಲೆಯನ್ನು ಬಿಟ್ಟು ಹೋಗುವ ವೇಳೆಗೆ ಬೇರು ಕಲ್ಲನ್ನು ಹಿಡಿದಿರುತ್ತದೆ. ಅದು ಮರದ ಚೆಲುವನ್ನು ತಳೆಯುವುದನ್ನು ಅವನ ಮುಂದಿನ ತರಗತಿಗಳವರು ನೋಡುತ್ತಾರೆ. ಅಂದು ಅವರು ಕಲ್ಲು ಸರಿಯಾಗಿದೆಯೆಂದು ಮೆಚ್ಚುವಂತೆ ಇಂದೇ ಆರಿಸಬೇಕು.